ಅಮಾವಾಸ್ಯೆಯ ನೀರು

ಸಿಂಧನೂರು
ಆಗಸ್ಟ್ 4, 2025

ಕರಿಬಸಯ್ಯನವರಿಗೆ ನಾಗವೇಣಿಯ ಶರಣು.

ನಾನು ಯಾರೆಂದು ನಿಮಗೆ ತಿಳಿಯದು. ನೀವು ಹತ್ತೊಂಬತ್ತು ವರ್ಷ ಕೂತ ಕುರ್ಚಿಯಲ್ಲಿ ಜೂನ್ ತಿಂಗಳಿಂದ ಕೂತಿರುವವಳು. ಏತ ನೀರಾವರಿ ಸಂಘದ ಕಂಪ್ಯೂಟರ್ ಈಗ ನನ್ನ ಕೈಯಲ್ಲಿದೆ. ನಿಜ ಹೇಳಬೇಕೆಂದರೆ ನಾನೇ ಅದರ ಕೈಯಲ್ಲಿದ್ದೇನೆ.

ನಿಮಗೆ ಫೋನ್ ಮಾಡಬೇಕೆಂದಿದ್ದೆ. ಮಸ್ಕಿ ತೊಟ್ಟಿ ಕಾಯುವ ಹೊನ್ನೂರಪ್ಪ ತಡೆದರು. "ಫೋನ್ ಹಚ್ಚಬ್ಯಾಡವ್ವಾ. ಗಂಟಲ ಆಪರೇಷನ್ ಆಗಿ ಅಯ್ಯನವರ ಮಾತು ಹೋಗ್ಯಾದ. ಮೊಬೈಲ್‌ನ್ಯಾಗಿನ ಸಣ್ಣ ಅಕ್ಷರ ಅವರ ಕಣ್ಣಿಗಿ ಕಾಣಂಗಿಲ್ಲ. ದಪ್ಪಗ ಬರದು ಲಿಂಗಸುಗೂರು ಬಸ್ಸಿನ ಕಂಡಕ್ಟರ್ ವಿರೇಶನ ಕೈಯಾಗ ಕೊಡು, ಮುಟ್ಟಸ್ತಾನ" ಎಂದರು. ಅದಕ್ಕೇ ಇಷ್ಟು ದಪ್ಪ ಅಕ್ಷರ. ಶಾಲೆ ಬಿಟ್ಟ ಮೇಲೆ ಕೈಯಲ್ಲಿ ಪತ್ರ ಬರೆಯುತ್ತಿರುವುದು ಇದೇ ಮೊದಲು.

ನೀವು ಬರೆದ ಪ್ರೋಗ್ರಾಂ ಈಗಲೂ ಓಡುತ್ತಿದೆ. ಕಾಲುವೆ ದಂಡೆಯ ಪಂಪನ್ನು ಎಷ್ಟು ಹೊತ್ತಿಗೆ ಶುರು ಮಾಡಬೇಕು, ತೊಟ್ಟಿ ತುಂಬಿದ ಮೇಲೆ ಹದಿನಾಲ್ಕು ತೂಬುಗಳಲ್ಲಿ ಯಾವುದಕ್ಕೆ ಎಷ್ಟು ನೀರು ಎಂದು ಅದೇ ಹೇಳುತ್ತದೆ. ಆದರೆ ಒಳಗೆ ಇಳಿದು ನೋಡಿದರೆ ನನಗೆ ದಿಕ್ಕು ತೋಚುವುದಿಲ್ಲ. ಅವಸರಕ್ಕೆ ಹಚ್ಚಿದ ತೇಪೆಗಳು, ಆಮೇಲೆ ಸರಿಮಾಡೋಣ ಎಂದು ಬಿಟ್ಟವು, ಬರೆದಿಡದೆ ತಲೆಯಲ್ಲೇ ಇಟ್ಟುಕೊಂಡವು. ನಮ್ಮ ಕೆಲಸದಲ್ಲಿ ಇದಕ್ಕೆ ತಾಂತ್ರಿಕ ಸಾಲ ಎನ್ನುತ್ತಾರೆ. ಇವತ್ತು ಉಳಿಸಿದ ಶ್ರಮವನ್ನು ನಾಳೆ ಬರುವವರು ಬಡ್ಡಿ ಸಮೇತ ಪಡಬೇಕಾಗುತ್ತದೆ. ಇಂಥವನ್ನೆಲ್ಲ ಹುಡುಕಿ, ಯಾವುದನ್ನು ಹಾಗೇ ಬಿಡಬಹುದು, ಯಾವುದನ್ನು ಮೊದಲು ಸರಿಮಾಡಬೇಕು ಎಂದು ದೀಪಾವಳಿಯೊಳಗೆ ಪಟ್ಟಿ ಕೊಡಲು ಕಾರ್ಯದರ್ಶಿ ಶಿವಕಾಂತ ಅವರು ಹೇಳಿದ್ದಾರೆ. ಇಲ್ಲಿಯವರೆಗೆ ನಲವತ್ತೊಂದು ಸಿಕ್ಕಿವೆ.

ಸದ್ಯಕ್ಕೆ ಮೂರು ಪ್ರಶ್ನೆ. ಎಂಟನೇ ತೂಬಿಗೆ ನಲವತ್ತು ನಿಮಿಷ ಹೆಚ್ಚು ನೀರು ಯಾಕೆ? ಪಂಪು ಶುರುವಾಗುವ ಮೊದಲು ಒಂದು ಕಡೆ ಪ್ರೋಗ್ರಾಂ ಹನ್ನೊಂದು ನಿಮಿಷ ಸುಮ್ಮನೆ ಕಾಯುತ್ತದೆ, ಆ ಸಾಲಿಗೆ 'ಯಮನಮ್ಮ' ಎಂದು ಹೆಸರಿದೆ. ಯಾಕೆ? ಇನ್ನು 'ಹೊನ್ನೂರ' ಎಂಬ ಫೈಲು. ಅದರಲ್ಲಿ ಬರೀ ಅಂಕಿಗಳು, ತಿಂಗಳಿಗೊಂದರಂತೆ ಇವೆ. ತಿಂಗಳ ವರದಿಯದು ಇರಬೇಕು ಎಂದುಕೊಂಡಿದ್ದೇನೆ. ಹೌದೇ?

ನಿಮ್ಮ ಆರೋಗ್ಯ ಚೆನ್ನಾಗಿರಲಿ.

ನಾಗವೇಣಿ


ಲಿಂಗಸುಗೂರು
ಆಗಸ್ಟ್ 11, 2025

ತಂಗಿ ನಾಗವೇಣಿಗೆ ಕರಿಬಸಯ್ಯನ ಆಶೀರ್ವಾದ.

ನಿನ್ನ ಪತ್ರವನ್ನು ವಿರೇಶ ತಂದುಕೊಟ್ಟ. ಅಕ್ಷರ ಬಹಳ ದಪ್ಪವಾಯಿತು ತಂಗಿ, ನಾನು ಮೂಕನಾಗಿದ್ದೇನೆ, ಕುರುಡನಾಗಿಲ್ಲ. ಇನ್ನೊಂದು ಸ್ವಲ್ಪ ಸಣ್ಣಗೆ ಬರೆದರೂ ನಡೆಯುತ್ತದೆ.

ಸಾಲ ಅಂದೆಯಲ್ಲ, ಓದಿ ಎದೆಗೆ ಚುಚ್ಚಿತು. 2006ರಲ್ಲಿ ಸಂಘದವರು ಒಂದು ಹಳೆಯ ಕಂಪ್ಯೂಟರ್ ತಂದು ನನ್ನ ಮುಂದೆ ಇಟ್ಟು, "ಅಯ್ಯಾರ, ನೀವು ಮೋಟಾರು ಬಲ್ಲವರು, ಇದನ್ನೂ ಕಲೀರಿ" ಎಂದಾಗ ನಾನು ನಲವತ್ತೆಂಟರವನು. ಒಂದೇ ಪುಸ್ತಕ, ಅದೂ ಇಂಗ್ಲಿಷಿನದು. ಕಲಿಸುವವರಿಲ್ಲ, ಕೇಳುವವರಿಲ್ಲ. ಆಗ ನೀನು ಎರಡನೇ ಇಯತ್ತೆಯಲ್ಲಿ ಮಗ್ಗಿ ಹೇಳುತ್ತಿದ್ದಿರಬೇಕು. ಅಂಥ ಪ್ರೋಗ್ರಾಂ ಹತ್ತೊಂಬತ್ತು ಬೆಳೆಗೆ ನೀರು ಕೊಟ್ಟಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೈಯುತ್ತಿಲ್ಲ, ಗಾದೆ ನೆನಪಾಯಿತು ಅಷ್ಟೆ.

ಕೌದಿ ಹೊಲಿಯುವುದನ್ನು ನೋಡಿದ್ದೀಯಲ್ಲ. ಕೌದಿಯಲ್ಲಿ ತೇಪೆಯೇ ಬಟ್ಟೆ. ಒಂದು ತೇಪೆ ಚೆನ್ನಾಗಿಲ್ಲ ಎಂದು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.

ಎಂಟನೇ ತೂಬಿನ ನೀರು ಪಾಮನಕಲ್ಲೂರು ಕಡೆಯ ಮಸಾರಿ ನೆಲದಲ್ಲಿ ಹಾಯುತ್ತದೆ. ಆ ಕೆಂಪು ನೆಲ ದಾರಿಯಲ್ಲೇ ಅರ್ಧ ಕುಡಿಯುತ್ತದೆ. ಅದಕ್ಕೆ ನಲವತ್ತು ನಿಮಿಷ. ಯಮನಮ್ಮ ಎಂದರೆ ಹೊನ್ನೂರಪ್ಪನ ಹೆಂಡತಿ. ನೀರು ಬರುವ ಮೊದಲು ಕಂಪ್ಯೂಟರ್ ತೊಟ್ಟಿಯ ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಅವನು ಮನೆಯಿಂದ ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿ ಹಸಿರು ಬಟನ್ ಒತ್ತಬೇಕು. ಒತ್ತದ ಹೊರತು ಪಂಪು ಶುರುವಾಗುವುದಿಲ್ಲ. ಅವನು ಬಂದು ನೋಡಲು ಐದು ನಿಮಿಷ ಸಾಕು ಎಂದು ಮೊದಲು ಇಟ್ಟಿದ್ದೆ. ಚಹಾ ಕುಡಿಸದೆ ಯಮನಮ್ಮ ಗಂಡನನ್ನು ಬಿಡುತ್ತಿರಲಿಲ್ಲ. ಹನ್ನೊಂದು ಮಾಡಿದೆ.

ಹೊನ್ನೂರ ಫೈಲನ್ನು ಮುಟ್ಟಬೇಡ. ಅದು ನನ್ನ ಮತ್ತು ಹೊನ್ನೂರಪ್ಪನ ನಡುವಿನದು. ಅದರ ಕೆಲಸ ಬಿದ್ದಾಗ ಸಂಘದವರು ನನಗೆ ಹೇಳಿ ಕಳಿಸಲಿ, ಬರುತ್ತೇನೆ.

ಕರಿಬಸಯ್ಯ


ಸಿಂಧನೂರು
ಆಗಸ್ಟ್ 25, 2025

ಅಯ್ಯನವರಿಗೆ ಶರಣು.

ನಿಮ್ಮ ಗಾದೆಯನ್ನು ಓದಿ ನಕ್ಕೆ, ಸಿಟ್ಟೂ ಬಂತು. ನೆಲ ಡೊಂಕಿದೆ ಎಂದು ನಾನು ಹೇಳಲಿಲ್ಲ. ಎಲ್ಲಿ ಡೊಂಕಿದೆ ಎಂದು ಹೇಳಿದರೆ ಎಡವದೆ ಕುಣಿಯುತ್ತೇನೆ ಎಂದೆ. ಕೌದಿಯ ಮಾತೂ ಸರಿ. ಆದರೆ ನಮ್ಮ ಅಜ್ಜಿ ಕೌದಿಯ ಒಂದೊಂದು ತೇಪೆಯನ್ನೂ ತೋರಿಸಿ ಇದು ಯಾರ ಸೀರೆ, ಇದು ಯಾರ ಕುಪ್ಪಸ ಎಂದು ಹೇಳುತ್ತಿದ್ದಳು. ನೀವು ಹೇಳುತ್ತಿಲ್ಲ.

ಶನಿವಾರ ಮಸ್ಕಿಗೆ ಹೋಗಿದ್ದೆ. ತೊಟ್ಟಿಯ ಹತ್ತಿರ ಯಾರೂ ಕಾಣಲಿಲ್ಲ. ಕೂಗಿದೆ. ನೆಲದೊಳಗಿನಿಂದ ಓ ಎಂದರು! ಮೇಲ್ಛಾವಣಿಯ ಬಾಯಿಯಿಂದ ಬಗ್ಗಿ ನೋಡಿದರೆ ಹೊನ್ನೂರಪ್ಪ ಕೆಳಗೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಪಾಚಿ ಕೆರೆಯುತ್ತಿದ್ದಾರೆ. ಕಬ್ಬಿಣದ ಏಣಿ ಒಂದೇ, ಅದೂ ನೀರು ಬೀಳುವ ಕೊಳವೆಯ ಪಕ್ಕಕ್ಕೆ. ನೀರು ಬಂದರೆ ಏನು ಗತಿ ಎಂದು ಕೇಳಿದೆ.

"ಇವತ್ತ ಅಮಾಸಿ ಅಲ್ಲೇನವ್ವಾ? ಅಮಾಸಿ ದಿನ ಎತ್ತು ಹೂಡಂಗಿಲ್ಲ, ಹೊಲಕ್ಕ ನೀರು ಬಿಡಂಗಿಲ್ಲ. ಅವತ್ತ ಪಂಪ್ ತಾನ ಸುಮ್ಮಕ ಇರ್ತೈತಿ, ಗಂಟಿನೂ ಬಾರಸಂಗಿಲ್ಲ. ಅಯ್ಯನವರ ಮಷೀನಿಗಿ ಪಂಚಾಂಗ ಗೊತ್ತೈತಿ. ಹತ್ತೊಂಬತ್ತು ವರ್ಷ ಆತು, ಒಂದ್ ದಿನಾ ತಪ್ಪಿಲ್ಲ" ಎಂದರು. ನಿಮ್ಮ ಹೆಸರು ಹೇಳುವಾಗ ಆ ಕೆಸರು ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡರು.

ವಾಪಸು ಬಂದು ಪ್ರೋಗ್ರಾಂ ಹುಡುಕಿದೆ. ಅಮಾವಾಸ್ಯೆ ಎಂಬ ಮಾತು ಎಲ್ಲೂ ಇಲ್ಲ, ಚಂದ್ರನ ಲೆಕ್ಕವೂ ಕಾಣುವುದಿಲ್ಲ. ನೀವು ಬರೆದ ಮೂಲ ಸಾಲುಗಳು ಅರ್ಧ ಕಳೆದಿವೆ, ಆ ಅರ್ಧಕ್ಕೆ ಕಂಪ್ಯೂಟರ್ ಓಡಿಸಬಲ್ಲ, ನಾನು ಓದಲಾರದ ಪ್ರತಿ ಮಾತ್ರ ಉಳಿದಿದೆ. ಅಯ್ಯನವರೇ, ಇದೊಂದನ್ನು ತಮಾಷೆ ಮಾಡದೆ ಹೇಳಿ. ಅಮಾವಾಸ್ಯೆ ಯಾವಾಗ ಎಂದು ಪ್ರೋಗ್ರಾಂಗೆ ಹೇಗೆ ತಿಳಿಯುತ್ತದೆ? ಅದನ್ನೇ ನಂಬಿ ಒಬ್ಬ ಮನುಷ್ಯ ತೊಟ್ಟಿಗೆ ಇಳಿಯುತ್ತಾನೆ.

ಇನ್ನೊಂದು ಮಾತು. ಹೊನ್ನೂರಪ್ಪ ಬಟನ್ ಒತ್ತುವುದು ತಡವಾಗುತ್ತದೆ ಎಂದು ಕೊನೆ ತೂಬಿನ ರೈತರು ದೂರು ಕೊಡುತ್ತಿದ್ದಾರೆ. ಅವರ ಮೊಣಕಾಲು ಈಗ ಮೊದಲಿನಂತಿಲ್ಲ. ಶಿವಕಾಂತ ಅವರು ಸಿಡಿಮಿಡಿ ಮಾಡುತ್ತಿದ್ದಾರೆ.

ನಾಗವೇಣಿ


ಲಿಂಗಸುಗೂರು
ಸೆಪ್ಟೆಂಬರ್ 3, 2025

ತಂಗಿ ನಾಗವೇಣಿಗೆ ಆಶೀರ್ವಾದ.

ಹೊನ್ನೂರಪ್ಪ ಹೇಳಿದ್ದು ಸರಿ. ನನ್ನ ಪ್ರೋಗ್ರಾಂಗೆ ಪಂಚಾಂಗ ಗೊತ್ತು. ಅದು ಹೇಗೆ ಎಂದು ಪತ್ರದಲ್ಲಿ ಹೇಳಲು ಬರುವುದಿಲ್ಲ. ಮೂರು ತಲೆಮಾರಿನಿಂದ ಊರಿಗೆ ತಿಥಿ ವಾರ ಹೇಳಿದ ಮನೆ ನಮ್ಮದು, ನಿನ್ನ ಕಾಲೇಜಿನಲ್ಲಿ ಅದನ್ನು ಕಲಿಸಿರಲಿಕ್ಕಿಲ್ಲ. ಹತ್ತೊಂಬತ್ತು ವರ್ಷದಲ್ಲಿ ತಪ್ಪದ್ದು ಈಗ ನೀನು ಬಂದೆ ಎಂದು ತಪ್ಪುವುದಿಲ್ಲ. ನಿನ್ನ ಪಟ್ಟಿಯಿಂದ ಅದನ್ನು ತೆಗೆದುಹಾಕು.

ಇಲ್ಲಿ ನನ್ನ ದಿನಗಳು ಹೇಗೆ ಕಳೆಯುತ್ತವೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಪೂಜೆ. ಆಮೇಲೆ ಕಟ್ಟೆಯ ಮೇಲೆ ಕೂರುತ್ತೇನೆ. ಬಂದವರು ಮಾತಾಡುತ್ತಾರೆ, ನಾನು ಸ್ಲೇಟಿನಲ್ಲಿ ಬರೆದು ಉತ್ತರ ಕೊಡುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ಈಗೀಗ ಯಾರೂ ಕೂರುವುದಿಲ್ಲ. ಹೆಂಡತಿ ಶಿವಬಸಮ್ಮ ಒಬ್ಬಳೇ ನನ್ನ ತುಟಿ ನೋಡಿ ತಿಳಿಯುತ್ತಾಳೆ. ಸಂಘದಿಂದ ಫೆಬ್ರವರಿಯಲ್ಲಿ ಒಂದು ಶಾಲು ಹೊದಿಸಿ ಕಳಿಸಿದರು. ಅದಾದ ಮೇಲೆ 'ಅಯ್ಯಾರ, ಬದುಕಿದ್ದೀರೇನು' ಎಂದು ಕೇಳಿದವರಿಲ್ಲ. ನಿನ್ನ ಪತ್ರವೇ ಮೊದಲು ಬಂದದ್ದು. ಅದೂ ನನ್ನ ತಪ್ಪುಗಳ ಪಟ್ಟಿ.

ಬಟನ್ ಬಗ್ಗೆ ರೈತರು ಹೇಳುತ್ತಲೇ ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡ.

ಕರಿಬಸಯ್ಯ


ಸಿಂಧನೂರು
ಅಕ್ಟೋಬರ್ 27, 2025

ಅಯ್ಯನವರಿಗೆ ಶರಣು.

ಇಷ್ಟು ದಿನ ಬರೆಯಲಾಗಲಿಲ್ಲ, ಕೆಲಸ ಹೆಚ್ಚಿತ್ತು. ಪಟ್ಟಿಯನ್ನು ಕೊಟ್ಟಾಯಿತು. ನಲವತ್ತೊಂದರಲ್ಲಿ ಹದಿನೇಳನ್ನು ಸರಿಮಾಡಿದ್ದೇನೆ. ಎಂಟನೇ ತೂಬಿನ ಮುಂದೆ ಮಸಾರಿ ನೆಲದ ಕಾರಣವನ್ನು ನಿಮ್ಮ ಹೆಸರಿನೊಂದಿಗೆ ಬರೆದಿಟ್ಟೆ.

ದೀಪಾವಳಿ ಅಮಾವಾಸ್ಯೆಯ ದಿನ ಪರೀಕ್ಷೆಗೆಂದು ರಜೆ ಇದ್ದರೂ ಕಚೇರಿಗೆ ಬಂದು ಕೂತಿದ್ದೆ. ಪಂಪು ಶುರುವಾಗಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ 'ಸರಿ ಇದೆ' ಎಂದು ಬರೆದೆ. ನಿಮ್ಮ ಮಾತನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಇರಲಿ.

ಕೊನೆ ತೂಬಿನವರ ದೂರು ಈಗ ನಿಂತಿದೆ. ಹೊನ್ನೂರಪ್ಪ ಚೆನ್ನಾಗಿದ್ದಾರೆ, ನಿಮ್ಮನ್ನು ಕೇಳಿದರು.

ನಾಗವೇಣಿ


ಲಿಂಗಸುಗೂರು
ನವೆಂಬರ್ 12, 2025

ನಾಗವೇಣಿಗೆ.

ನಿನ್ನ ಪತ್ರ ಚಿಕ್ಕದಾಗಿತ್ತು. ದೊಡ್ಡ ಸುದ್ದಿಯನ್ನು ವಿರೇಶ ಬಾಯಲ್ಲಿ ತಂದ. "ಅಯ್ಯಾರ, ಹೊಸಾ ಹೆಣಮಗಳು ನಿಮ್ ಪ್ರೋಗ್ರಾಂ ತಗದು ಒಗಿಯಾಕತ್ಯಾಳಂತ. ಯುಗಾದಿಗಿ ಹೊಸಾದು ಬರ್ತದಂತ" ಎಂದ. ಬಸ್ಸಿನವರಿಗೆಲ್ಲ ಗೊತ್ತಿದೆ. ಪತ್ರ ಬರೆಯುವ ನೀನು ನನಗೆ ಹೇಳಲಿಲ್ಲ.

ತೆಗೆಯಿರಿ. ನನಗೇನು. ಮನೆ ಕಟ್ಟಿದವನನ್ನು ಹೊರಗೆ ನಿಲ್ಲಿಸಿ ಮನೆ ಕೆಡವುವುದು ಈಗಿನ ಪದ್ಧತಿ.

ಕರಿಬಸಯ್ಯ


ಸಿಂಧನೂರು
ಡಿಸೆಂಬರ್ 8, 2025

ಅಯ್ಯನವರಿಗೆ ಶರಣು.

ಹೇಳದಿದ್ದದ್ದು ನನ್ನ ತಪ್ಪು. ಸಂಘದವರು ನಿರ್ಧಾರ ಮಾಡಿದ್ದು ನಿಜ. ನಿಮಗೆ ನೋವಾಗುತ್ತದೆಂದು ಬರೆಯಲಿಲ್ಲ. ನೀವು ಸಿಟ್ಟು ಮಾಡಿಕೊಂಡಿದ್ದೀರೆಂದು ತಿಳಿದ ಮೇಲೆ ಬರೆಯಲು ಕೈ ಏಳಲಿಲ್ಲ.

ಈಗ ಬರೆಯುತ್ತಿರುವುದು ಹೊನ್ನೂರಪ್ಪನವರ ಮಾತಿಗೆ. ಅವರು ಎದುರಿಗೇ ಕೂತಿದ್ದಾರೆ. ಹೇಳಿದಂತೆ ಬರಿ ಎನ್ನುತ್ತಿದ್ದಾರೆ.

"ಅಯ್ಯಾರಿಗಿ ಹೊನ್ನೂರನ ಶರಣು. ಹತ್ತೊಂಬತ್ತನೇ ತಾರೀಕು ಎಳ್ಳಮಾಸಿ ಐತಿ. ಪ್ರತಿ ವರ್ಷ ಬಂದಂಗ ಹಿಂದಿನ ದಿನಾನ ಬರ್ರಿ. ಬೆಳಿಗ್ಗಿ ತೊಟ್ಟಿ ತೊಳದು ನನ್ನ ಹೊಲಕ್ಕ ಹೋಗೂನು. ಯಮನಿ ನಿಮಗಂತ ಸಜ್ಜಿ ರೊಟ್ಟಿ ತೆಳ್ಳಗ ತಟ್ತಾಳ, ಗಂಟಲಿಗಿ ಹತ್ತಬಾರದಂತ ಪುಂಡಿಪಲ್ಲೆ ಮೆತ್ತಗ ಕುದಸ್ತಾಳ. ಭೂಮ್ತಾಯಿಗಿ ಉಣ್ಣಾಕ ಚರಗ ಚೆಲ್ಲಾಕ ನಿಮ್ಮ ಕೈ ಬೇಕು. ಮಾತು ಇಲ್ಲಂದ್ರ ಏನಾತ್ರಿ, ಹುಲಿಗ್ಯೋ ಅಂತ ಹೊಲಾ ಸುತ್ತ ನಾ ಒದರ್ತೀನಿ, ನೀವು ಚೆಲ್ರಿ."

ಇಷ್ಟೇ ಅವರು ಹೇಳಿದ್ದು. ನಾನೂ ಕೇಳಿಕೊಳ್ಳುತ್ತೇನೆ, ಬನ್ನಿ. ನಿಮ್ಮನ್ನು ಒಮ್ಮೆ ನೋಡಬೇಕು. ಮುಖ ನೋಡಿ ಹೇಳುವಂಥ ಮಾತು ಒಂದೆರಡು ಇವೆ.

ನಾಗವೇಣಿ


ಲಿಂಗಸುಗೂರು
ಡಿಸೆಂಬರ್ 14, 2025

ನಾಗವೇಣಿಗೆ.

ಹೊನ್ನೂರಪ್ಪನಿಗೆ ಹೇಳು, ಈ ವರ್ಷ ಆಗುವುದಿಲ್ಲ. ಬಸ್ಸಿನ ಧೂಳು ನನ್ನ ಗಂಟಲಿಗೆ ಆಗದು.

ಸಂಘಕ್ಕೆ ನನ್ನ ಕೆಲಸವಿದ್ದರೆ ಸಂಘದವರೇ ಕರೆಯಲಿ. ಊಟಕ್ಕೆ ಬಂದವನು ಹಾಗೇ ಕಚೇರಿಗೆ ಹೋಗಿ ಕೆಲಸ ಮಾಡಿ ಬರುವ ಕಾಲ ಮುಗಿಯಿತು. ಕರೆಯದೆ ಬಂದವನಿಗೆ ಕೆರ ಬಿಡುವಲ್ಲೇ ಜಾಗ.

ಕರಿಬಸಯ್ಯ


ಸಿಂಧನೂರು
ಡಿಸೆಂಬರ್ 21, 2025

ಅಯ್ಯನವರೇ,

ಹೊನ್ನೂರಪ್ಪ ಹೋದರು. ಎಳ್ಳ ಅಮಾವಾಸ್ಯೆಯ ದಿನ ಬೆಳಿಗ್ಗೆ ಏಳೂವರೆಗೆ ಪಂಪು ಶುರುವಾಯಿತು. ಅವರು ತೊಟ್ಟಿಯೊಳಗಿದ್ದರು. ಊರೆಲ್ಲ ಹೊಲಕ್ಕೆ ಹೋಗಲು ಬಂಡಿ ಕಟ್ಟುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಬುತ್ತಿ ಹೊತ್ತುಕೊಂಡು ಕರೆಯಲು ಬಂದ ಯಮನಮ್ಮನೇ ಮೊದಲು ನೋಡಿದ್ದು.

ಬೇರೆ ಏನೂ ಬರೆಯಲಾರೆ.

ನಾಗವೇಣಿ


ಸಿಂಧನೂರು
ಜನವರಿ 7, 2026

ಅಯ್ಯನವರಿಗೆ.

ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಪತ್ರವನ್ನು ನಿಮ್ಮ ಕೈಗೇ ಕೊಟ್ಟೆ ಎಂದು ವಿರೇಶ ಹೇಳಿದ. "ಓದಿದ್ರು, ಒಳಗ ಹೋಗಿ ಬಾಗ್ಲಾ ಹಾಕ್ಕೊಂಡ್ರು" ಎಂದ.

ನಾನು ಲೆಕ್ಕ ಹಾಕಿದೆ. ತೊಟ್ಟಿಯ ಗೋಡೆಯ ಕಲ್ಲಿನಲ್ಲಿ ಅದು ಶುರುವಾದ ತಾರೀಕು ಕೆತ್ತಿದೆಯಲ್ಲ, ಫೈಲಿನ ಅಂಕಿಗಳು ಆ ದಿನದಿಂದ ಎಷ್ಟನೆಯ ದಿನ ಎಂದು ಎಣಿಸಿದೆ. ಹೊನ್ನೂರ ಫೈಲಿನ ಒಂದೊಂದು ಅಂಕಿಯೂ ಒಂದೊಂದು ಅಮಾವಾಸ್ಯೆಯ ಮೇಲೆ ಹೋಗಿ ಬಿತ್ತು. ಕೊನೆಯದು ನವೆಂಬರ್ 20. ಅದರ ಮುಂದೆ ಏನೂ ಇಲ್ಲ. ನಿಮ್ಮ ಪ್ರೋಗ್ರಾಂಗೆ ಪಂಚಾಂಗ ಗೊತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ ನೀವೇ ತುಂಬುತ್ತಿದ್ದಿರಿ, ಪ್ರತಿ ವರ್ಷ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಹೌದಲ್ಲವೇ? ನಾನು ಕೇಳಿದ್ದೆ. ತಮಾಷೆ ಮಾಡಬೇಡಿ ಎಂದು ಕೈ ಮುಗಿದು ಕೇಳಿದ್ದೆ. ನಿಮಗೆ ಗೊತ್ತಿತ್ತು.

ಇನ್ನು ನನ್ನದು. ಅಕ್ಟೋಬರ್ 10ರಂದು ಹಸಿರು ಬಟನ್ನನ್ನು ತೆಗೆಸಿದವಳು ನಾನು. ತಡದ ದೂರು ನಿಂತದ್ದು ಹಾಗೆ. ಅಮಾವಾಸ್ಯೆಯ ಲೆಕ್ಕ ಪ್ರೋಗ್ರಾಂನಲ್ಲೇ ಇದೆ ಎಂದು ನೀವು ಬರೆದಿದ್ದಿರಿ. ಬಟನ್ ಬರೀ ತಡ ಮಾಡುವ ಹಳೆಯ ತೇಪೆ ಎಂದುಕೊಂಡೆ. ಗಂಟೆಯನ್ನೂ ಬಿಚ್ಚಿಸಿದೆ. ಹೊನ್ನೂರಪ್ಪ ಎದುರಿಗೇ ನಿಂತಿದ್ದರು. "ಅಯ್ಯಾರಿಗಿ ಹೇಳಬ್ಯಾಡವ್ವಾ, ಅವರು ಕೈಯಾರೆ ಕೂಡಿಸಿದ್ದು, ಮನಸಿಗಿ ಹಚ್ಕೊಂತಾರ" ಎಂದರು. ಹೇಳಲಿಲ್ಲ. ಪರೀಕ್ಷೆ ಮಾಡಿದೆ ಎಂದು ಒಂದೇ ಒಂದು ದಿನ ಕೂತು 'ಸರಿ ಇದೆ' ಎಂದು ಬರೆದೆ. ಮುಖ ನೋಡಿ ಹೇಳಬೇಕೆಂದದ್ದು ಇದೇ.

ಸಂಘದ ವಿಚಾರಣೆ ಮುಗಿದಿದೆ. 'ಅನುಮತಿ ಇಲ್ಲದೆ ತೊಟ್ಟಿಗೆ ಇಳಿದದ್ದು, ಮೃತನ ನಿರ್ಲಕ್ಷ್ಯ' ಎಂದು ಶಿವಕಾಂತ ಅವರು ಬರೆದಿದ್ದಾರೆ. ಅದಕ್ಕಿಂತ ಕೆಟ್ಟದ್ದು ಮಸ್ಕಿಯಲ್ಲಿ ನಡೆದಿದೆ. ತೊಟ್ಟಿಗೆ ಎಡೆ ಇಟ್ಟ ಮೇಲೆಯೇ ಹೊನ್ನೂರಪ್ಪ ಒಳಗೆ ಇಳಿಯುತ್ತಿದ್ದರಂತೆ. ಈ ಸಲ ನಿಮಗೆಂದು ತೆಳ್ಳನೆಯ ರೊಟ್ಟಿಗಳನ್ನು ನೀವು ಬರುವುದಿಲ್ಲವೆಂದು ತಿಳಿದ ಮೇಲೂ ವಿರೇಶನ ಕೈಯಲ್ಲಿ ಕಳಿಸಲು ಯಮನಮ್ಮ ಕೂತು ತಟ್ಟಿದ್ದಾಳೆ. ಎಡೆ ತಡವಾಯಿತು, ಅವರು ಕಾಯದೆ ಇಳಿದರು. ಗಂಗಮ್ಮ ಮುನಿದಳು ಎಂದು ಓಣಿಯವರು ಹೇಳಿದ್ದಾರೆ, ಆಕೆ ನಂಬಿದ್ದಾಳೆ. ನನ್ನ ಕೈ ಹಿಡಿದುಕೊಂಡು, "ಅಮಾಸಿ ದಿನ ನೀರು ಹ್ಯಾಂಗ ಬಂತವ್ವಾ? ನನ್ನಿಂದನ ಬಂತಲ್ಲ?" ಎಂದು ಕೇಳಿದಳು. ನಾನು ಕೈ ಬಿಡಿಸಿಕೊಂಡು ಎದ್ದು ಬಂದೆ.

ಆಕೆಗೆ ಉತ್ತರ ಕೊಡಬೇಕಾದವರು ಇಬ್ಬರೇ. ನೀವು ಏನು ಮಾಡುತ್ತೀರಿ ಹೇಳಿ.

ನಾಗವೇಣಿ


ಲಿಂಗಸುಗೂರು
ಜನವರಿ 19, 2026

ತಂಗಿ ನಾಗವೇಣಿಗೆ.

ನಿನ್ನೆ ಅಮಾವಾಸ್ಯೆ ಇತ್ತು. ಬರೆಯಲು ಕೂತೆ, ಆಗಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಈ ಕೆಳಗಿನದು ಯಮನಮ್ಮನಿಗೆ. ಆಕೆಗೆ ಓದು ಬಾರದು, ನನಗೆ ಮಾತು ಬಾರದು. ನೀನು ಓದಿ ಹೇಳು. ಒಂದು ಅಕ್ಷರವನ್ನೂ ಮೆತ್ತಗೆ ಮಾಡಬೇಡ.

ತಂಗಿ ಯಮನಮ್ಮಾ, ನೀರು ನಿನ್ನಿಂದ ಬರಲಿಲ್ಲ. ನನ್ನಿಂದ ಬಂತು. ಅಮಾವಾಸ್ಯೆಯ ಲೆಕ್ಕವನ್ನು ಮಷೀನಿಗೆ ಕಲಿಸಬೇಕೆಂದು ಒಂದು ಮಳೆಗಾಲವಿಡೀ ಕೂತು ಪ್ರಯತ್ನ ಮಾಡಿದ್ದೆ. ಬರಲಿಲ್ಲ. ಸದ್ಯಕ್ಕೆ ಇರಲಿ ಎಂದು ಕ್ಯಾಲೆಂಡರ್ ನೋಡಿ ಒಂದು ವರ್ಷದ ದಿನಗಳನ್ನು ತುಂಬಿದೆ. ಆ ಸದ್ಯ ಹತ್ತೊಂಬತ್ತು ವರ್ಷ ನಡೆಯಿತು. ಹೊನ್ನೂರ ಅದನ್ನು ನೋಡಿ ಅಯ್ಯಾರ ಮಷೀನಿಗೆ ಪಂಚಾಂಗ ಗೊತ್ತು ಎಂದು ಊರಿಗೆಲ್ಲ ಸಾರಿದ. ಅಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಆಮೇಲೆ ಅದೇ ಹೆಮ್ಮೆಯಾಯಿತು.

ಈ ಹುಡುಗಿ ಕೇಳಿದಾಗಲೂ ಹೇಳಲಿಲ್ಲ. ಹೇಳಿಬಿಟ್ಟರೆ ಆ ಕಚೇರಿಯಲ್ಲಿ ನನ್ನದು ಎನ್ನುವುದು ಏನೂ ಉಳಿಯುತ್ತಿರಲಿಲ್ಲ. ನಾನು ತುಂಬಿದ ದಿನಗಳು ಮುಗಿದಾಗ ಅಮಾವಾಸ್ಯೆಯ ದಿನ ಗಂಟೆ ಬಾರಿಸುತ್ತದೆ, ಹೊನ್ನೂರ ನಕ್ಕು ಬಟನ್ ಒತ್ತದೆ ಬಿಡುತ್ತಾನೆ, ಸಂಘದವರು ಗಾಬರಿಯಾಗಿ ನನ್ನನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಬಟನ್ ಇಲ್ಲವೆಂದು ನನಗೆ ಗೊತ್ತಿರಲಿಲ್ಲ. ಇದು ನೆಪವಲ್ಲ, ಆದದ್ದು.

ಡಿಸೆಂಬರ್ 18ರಂದು ಬೆಳಿಗ್ಗೆ ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತೆ. ಚೀಲದಲ್ಲಿ ಹೊಸ ಕ್ಯಾಲೆಂಡರ್ ಇತ್ತು. "ಬಸ್ ಬಂದಾದ, ಹೋಗ್ರಿ. ಹೊನ್ನೂರಪ್ಪ ದಾರಿ ನೋಡ್ತಿರ್ತಾನ" ಎಂದು ಶಿವಬಸಮ್ಮ ಅಂದಳು. ಸಂಘದಿಂದ ಯಾರಾದರೂ ಬರುತ್ತಾರೆ ಎಂದು ಹನ್ನೊಂದರ ಬಸ್ಸು ಬಿಟ್ಟೆ. ಒಂದರ ಬಸ್ಸು ಬಿಟ್ಟೆ. ನಾಲ್ಕಕ್ಕೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ನಾನು ಎದ್ದು ಬಸ್ಸು ಹತ್ತಿದ್ದರೆ ಹೊನ್ನೂರ ಇರುತ್ತಿದ್ದ. ನಿನ್ನ ಎಡೆಗೂ ಗಂಗಮ್ಮನಿಗೂ ಇದರಲ್ಲಿ ಏನೂ ಸಂಬಂಧವಿಲ್ಲ.

ನೀನು ತಟ್ಟಿದ ರೊಟ್ಟಿ ತಿನ್ನಲು ನಾನು ಬರಲಿಲ್ಲ. ಇದರ ಮೇಲೆ ನನಗೆ ಹೇಳುವುದೇನೂ ಇಲ್ಲ.

ಕರಿಬಸಯ್ಯ

ನಾಗವೇಣಿ, ಇದರ ಇನ್ನೊಂದು ಪ್ರತಿಗೆ ಸಹಿ ಹಾಕಿ ಇಟ್ಟಿದ್ದೇನೆ. ಅದನ್ನು ಶಿವಕಾಂತನಿಗೆ ಕೊಡು.


ಸಿಂಧನೂರು
ಫೆಬ್ರವರಿ 16, 2026

ಅಯ್ಯನವರಿಗೆ ಶರಣು.

ನಿಮ್ಮ ಸಹಿ ಹಾಕಿದ ಕಾಗದವನ್ನು ಶಿವಕಾಂತ ಅವರು ತೆಗೆದುಕೊಳ್ಳಲಿಲ್ಲ. "ಮುಗದು ಹೋಗಿದ್ದನ್ನ ಯಾಕ ಕೆದಕ್ತೀ? ನಿನಗೂ ಕುತ್ತು, ನಮಗೂ ಕುತ್ತು" ಎಂದರು. ನಾನು ಅದನ್ನು ನಲವತ್ತೊಂದರ ಪಟ್ಟಿಯ ಕೊನೆಗೆ ಅಂಟಿಸಿ ನಲವತ್ತೆರಡು ಎಂದು ಬರೆದೆ. ಕೆಳಗೆ ಬಟನ್ ತೆಗೆದ ತಾರೀಕು, ನನ್ನ ಸಹಿ. ಪ್ರತಿಯನ್ನು ಎಲ್ಲ ನಿರ್ದೇಶಕರಿಗೂ ಅಂಚೆಯಲ್ಲಿ ಕಳಿಸಿದೆ. ಮಾರ್ಚ್ ಕೊನೆಗೆ ಕೆಲಸ ಬಿಡುವಂತೆ ನನಗೆ ಹೇಳಿದ್ದಾರೆ. ವಿಚಾರಣೆಯ ಬರಹವನ್ನು ಬದಲಿಸುತ್ತಾರೋ ಇಲ್ಲವೋ ಹೇಳಿಲ್ಲ.

ಯಮನಮ್ಮನ ಮನೆಗೆ ಹೋಗಿ ಓದಿದೆ. ಮೆತ್ತಗೆ ಮಾಡಲಿಲ್ಲ. ನಿಮ್ಮದು ಮುಗಿದ ಮೇಲೆ ನನ್ನದನ್ನೂ ಹೇಳಿದೆ. ಬಟನ್ ಬಿಚ್ಚಿದವಳು ನಾನು ಎಂದೆ. ಹೊನ್ನೂರಪ್ಪನ ತಮ್ಮ ಹುಲಿಗೇಶ ಬಾಗಿಲಲ್ಲಿ ನಿಂತಿದ್ದ, ಹಲ್ಲು ಕಚ್ಚಿಕೊಂಡು ಹೊರಗೆ ಹೋದ.

"ಹಂಗಾರ ನಾ ಎಡಿ ತಡಾ ಮಾಡಿದ್ದಕ್ಕಲ್ಲ?" ಎಂದಳು ಯಮನಮ್ಮ.

ಅಲ್ಲ ಎಂದೆ. ಮತ್ತೆ ಅದನ್ನೇ ಕೇಳಿದಳು. ಮೂರು ಸಲ ಕೇಳಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ಅವತ್ತಿಂದ ರೊಟ್ಟಿ ತಟ್ಟುವಾಗೆಲ್ಲಾ ಈ ಕೈಗುಳಿಗಿ ಬೈಕೊಂಡೀನಿ. ಇವು ಮುರದು ಹೋಗ್ಲಿ ಅಂದೀನಿ. ಇನ್ನ ಯಾರಿಗಿ ಬೈಲಿ? ಆ ಅಯ್ಯಗ ಮಾತಿಲ್ಲ. ನೀ ನೋಡಿದ್ರ ಅಳಾಕತ್ತಿ."

ಕ್ಷಮಿಸು ಎಂದು ನಾನು ಕೇಳಲಿಲ್ಲ, ಆಕೆಯೂ ಆ ಮಾತು ಎತ್ತಲಿಲ್ಲ. ಎದ್ದು ಹೊರಟಾಗ ತಡೆದಳು. "ಅವರ ಕೆಲಸಕ್ಕ ಹುಲಿಗೇಶನ್ನ ತಗೊಂಡಾರ. ಬರೋ ಅಮಾಸಿಗಿ ಅವ ತೊಟ್ಟಿಗಿ ಇಳೀತಾನ. ಅವ ಮ್ಯಾಲ ಬರೂತನಕ ನೀ ತೊಟ್ಟಿ ಬಾಯಾಗ ನಿಂದರಬೇಕು. ಮಷೀನ್ ಗಿಷೀನ್ ನನಗ ಬ್ಯಾಡ. ನೌಕರಿ ಇರ್ಲಿ, ಬಿಡ್ಲಿ, ನೀ ಬರಬೇಕು" ಎಂದಳು.

ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಪಂಪಿನ ಕರೆಂಟನ್ನೇ ಕಡಿಸಿ, ಆ ಪೆಟ್ಟಿಗೆಗೆ ಬೀಗ ಹಾಕಿಸಿ, ಕೀಲಿಯನ್ನು ಕೈಯಲ್ಲಿ ಹಿಡಿದು ನಿಲ್ಲುತ್ತೇನೆ.

ನಿಮಗೂ ಒಂದು ಮಾತು ಹೇಳಿ ಕಳಿಸಿದ್ದಾಳೆ. ಆಕೆ ಅಂದದ್ದನ್ನು ಅಂದಂತೆಯೇ ಬರೆಯುತ್ತೇನೆ.

"ಅಯ್ಯಾರಿಗಿ ಬರಿ. ಬರೋ ಎಳ್ಳಮಾಸಿಗಿ ಬರಬೇಕಂತ ಬರಿ. ಊಟಕ್ಕ ಕರಿಯಾಕತ್ತಿಲ್ಲ ನಾ. ಬಂದು ನಿಂದರಲಿ."

ನಾಳೆ ಅಮಾವಾಸ್ಯೆ. ಬೆಳಿಗ್ಗೆ ಆರಕ್ಕೆ ಮಸ್ಕಿ ಬಸ್ಸಿದೆ.

ನಾಗವೇಣಿ